ಶಾಟ್ ಪೀನಿಂಗ್: ಎನ್, ಎ, ಸಿ ಸ್ಟ್ರಿಪ್‌ಗಳಲ್ಲಿ ಟಾಲರೆನ್ಸ್ ಲೆಕ್ಕ ಹಾಕುವುದು ಹೇಗೆ?

ಪೀಣ್ಯದ ಒಂದು ಶಾಪ್‌ನಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದಾಗ ಒಂದು ಲಾಟ್ ತೆಳು ಅಲ್ಯೂಮಿನಿಯಂ ಪೀಸುಗಳು ಪೀನಿಂಗ್ ಆದ ಮೇಲೆ ಸೊಟ್ಟಗಾದವು. ಪೀನಿಂಗ್ ಅಂದರೆ ಶಾಟ್ ಅನ್ನುವ ಸಣ್ಣ ಗುಂಡುಗಳನ್ನು ಲೋಹದ ಮೇಲ್ಮೈಗೆ ಹೊಡೆಯುವುದು. ಡ್ರಾಯಿಂಗ್ ಸರಿ ಇತ್ತು. ಮಷೀನ್ ಸರಿ ಇತ್ತು. ಗೇಜ್‌ಗೆ ಕ್ಯಾಲಿಬ್ರೇಶನ್ ಸ್ಟಿಕ್ಕರ್ ಅಂಟಿಸಿ ಇನ್ನೂ ತಿಂಗಳಾಗಿರಲಿಲ್ಲ. ತಪ್ಪು ಇದ್ದದ್ದು ಪ್ರೋಸೆಸ್ ಶೀಟಿನ ಒಂದೇ ಒಂದು ಸಾಲಿನಲ್ಲಿ. ಎನ್ ಸ್ಟ್ರಿಪ್‌ನಲ್ಲಿ ಕೊಟ್ಟಿದ್ದ ಇಂಟೆನ್ಸಿಟಿಯನ್ನು (ಹೊಡೆತದ ಜೋರನ್ನು) ಯಾರೋ ಮೊದಲು ಎ ಸ್ಟ್ರಿಪ್‌ಗೆ ಬದಲಾಯಿಸಿ, ಆಮೇಲೆ ಟಾಲರೆನ್ಸ್, ಅಂದರೆ ಒಪ್ಪಬಹುದಾದ ಸಡಿಲ, ಕೂಡಿಸಿದ್ದರು. ಯಾರೋ ಅಂದೆ. ನಾನೇ.

ಆ ಲೆಕ್ಕ ಎಲ್ಲಿ ಕೆಟ್ಟಿತು, ಯಾವ ಕ್ರಮದಲ್ಲಿ ಮಾಡಿದ್ದರೆ ಕೆಡುತ್ತಿರಲಿಲ್ಲ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಕೂಡಿಸುವುದು, ಗುಣಿಸುವುದು ಬಿಟ್ಟರೆ ಬೇರೆ ಗಣಿತ ಬೇಕಿಲ್ಲ.

ಮೊದಲು, ನಾವು ಅಳೆಯುತ್ತಿರುವುದು ಏನನ್ನು?

ಪೀನಿಂಗ್ ಎಷ್ಟು ಜೋರಾಗಿ ಆಗಿದೆ ಅಂತ ಜಾಬ್ ಮೇಲೆ, ಅಂದರೆ ಪೀನಿಂಗ್ ಮಾಡುವ ಪೀಸಿನ ಮೇಲೆ, ನೇರವಾಗಿ ಅಳೆಯಲು ಆಗುವುದಿಲ್ಲ. ಅದಕ್ಕೇ ಸ್ಪ್ರಿಂಗ್ ಸ್ಟೀಲಿನ ಒಂದು ಪಟ್ಟಿಯನ್ನು (ಸ್ಟ್ರಿಪ್) ದಪ್ಪ ಬ್ಲಾಕಿಗೆ ನಾಲ್ಕು ಸ್ಕ್ರೂ ಹಾಕಿ ಹಿಡಿಸಿ, ಅದರ ಒಂದೇ ಮುಖಕ್ಕೆ ಶಾಟ್ ಹೊಡೆಯುತ್ತೇವೆ. ಸ್ಕ್ರೂ ಬಿಚ್ಚಿದರೆ ಪಟ್ಟಿ ಬಿಲ್ಲಿನ ಹಾಗೆ ಬಾಗುತ್ತದೆ. ಆ ಬಾಗಿನ ಎತ್ತರವೇ ಆರ್ಕ್ ಹೈಟ್. ಜನರಲ್ ಮೋಟರ್ಸ್‌ನಲ್ಲಿದ್ದ ಜಾನ್ ಆಲ್ಮೆನ್ 1940ರ ದಶಕದಲ್ಲಿ ಕೊಟ್ಟ ವಿಧಾನ ಇದು. ಪಟ್ಟಿಗೆ ಇವತ್ತಿಗೂ ಅವರದೇ ಹೆಸರು.

ಪಟ್ಟಿ ಮೂರು ಬಗೆ. ಉದ್ದ 3 ಇಂಚು, ಅಗಲ ಮುಕ್ಕಾಲು ಇಂಚು, ಇವು ಮೂರಕ್ಕೂ ಒಂದೇ. ಬೇರೆ ಆಗುವುದು ದಪ್ಪ. ಎನ್ 0.031 ಇಂಚು, ಎ 0.051 ಇಂಚು, ಸಿ ಸುಮಾರು 0.094 ಇಂಚು. ಮಿಲಿಮೀಟರ್‌ನಲ್ಲಿ 0.79, 1.29, 2.39. ಮೆತ್ತಗಿನ ಪೀನಿಂಗ್‌ಗೆ ಎನ್, ಮಧ್ಯಮಕ್ಕೆ ಎ, ಜೋರಿಗೆ ಸಿ. ಎ ಸ್ಟ್ರಿಪ್‌ನಲ್ಲಿ 0.004 ಇಂಚಿಗಿಂತ ಕಡಿಮೆ ಬರುವಂತಿದ್ದರೆ ಎನ್‌ಗೆ ಇಳಿಯಿರಿ, 0.024 ದಾಟುವಂತಿದ್ದರೆ ಸಿ‌ಗೆ ಹೋಗಿ ಅನ್ನುವುದು ವಾಡಿಕೆ.

ಒಂದೇ ಹೊಡೆತಕ್ಕೆ ಎನ್ ಪಟ್ಟಿ ಎ‌ಗಿಂತ ಸುಮಾರು 3 ಪಟ್ಟು ಬಾಗುತ್ತದೆ. ಎ ಪಟ್ಟಿ ಸಿ‌ಗಿಂತ ಸುಮಾರು 3.5 ಪಟ್ಟು ಬಾಗುತ್ತದೆ. ಈ ಅಂಕಿಗಳು ಆಕಾಶದಿಂದ ಬಿದ್ದಿದ್ದಲ್ಲ. ಪಟ್ಟಿ ದಪ್ಪವಾದಷ್ಟೂ ಬಾಗು ಹೆಚ್ಚುಕಡಿಮೆ ದಪ್ಪದ ವರ್ಗದ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. 51ನ್ನು 31ರಿಂದ ಭಾಗಿಸಿ ವರ್ಗ ಮಾಡಿದರೆ 2.7. 94ನ್ನು 51ರಿಂದ ಭಾಗಿಸಿ ವರ್ಗ ಮಾಡಿದರೆ 3.4. ಹತ್ತಿರ ಬಂತು, ಅಲ್ವಾ? ಆದರೆ ಹತ್ತಿರ ಅಷ್ಟೇ. ಶಾಟ್ ಸೈಜ್ ಬದಲಾದರೆ, ಗಡಸುತನ ಬದಲಾದರೆ ಈ 3 ಮತ್ತು 3.5 ಕೂಡ ಸ್ವಲ್ಪ ಅತ್ತಿತ್ತ ಆಗುತ್ತವೆ. ಅಂದಾಜಿಗೆ ಇವು ಸಾಕು. ಜಾಬ್ ಪಾಸ್ ಅಥವಾ ಫೇಲ್ ಮಾಡಲು ಸಾಲವು.

ಹೆಜ್ಜೆ 1: ಡ್ರಾಯಿಂಗ್‌ನಲ್ಲಿ ಅಂಕಿಯ ಪಕ್ಕದ ಅಕ್ಷರ ನೋಡಿ

ಡ್ರಾಯಿಂಗ್‌ನಲ್ಲಿ 0.010 ಎ ಅಂತ ಇದ್ದರೆ ಅದು ಎ ಸ್ಟ್ರಿಪ್ ಮೇಲೆ 10 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ 10. 0.25 ಮಿ.ಮೀ. ಎ ಅಂತ ಇದ್ದರೆ ಹೆಚ್ಚುಕಡಿಮೆ ಅದೇ. ಆದರೆ ಶಾಪ್‌ನಲ್ಲಿ ನಾವು ಮಾತಾಡುವುದು "ಟೆನ್ ಎ" ಅಂತ. ಮೆಟ್ರಿಕ್‌ನಲ್ಲೇ ಕಲಿತು ಬಂದ ಹುಡುಗನಿಗೆ "ಟೆನ್ ಎ" ಅಂದರೆ 0.10 ಮಿ.ಮೀ. ಅಂತ ಅನ್ನಿಸಬಹುದು. ಅದು 4 ಥೌ! ಬಾಯಿಮಾತಿನಲ್ಲಿ ಏನು ಬೇಕಾದರೂ ಅನ್ನಿ. ಶೀಟಿನಲ್ಲಿ ಮಾತ್ರ ಪೂರ್ತಿ ಅಂಕಿ, ಅಳತೆಯ ಹೆಸರು, ಸ್ಟ್ರಿಪ್ಪಿನ ಅಕ್ಷರ, ಮೂರೂ ಬರೆಯಿರಿ.

ಹೆಜ್ಜೆ 2: ಟಾಲರೆನ್ಸ್ ಎಲ್ಲಿಂದ ಬರುತ್ತಿದೆ?

ಡ್ರಾಯಿಂಗ್‌ನಲ್ಲೇ 0.008 ರಿಂದ 0.012 ಎ ಅಂತ ಎರಡೂ ತುದಿ ಕೊಟ್ಟಿದ್ದರೆ ನಿಮ್ಮ ಪುಣ್ಯ. ಅದೇ ಕಿಟಕಿ, ಅಂದರೆ ಅಂಕಿ ಇರಬೇಕಾದ ಎರಡು ಮಿತಿಗಳ ನಡುವಿನ ಜಾಗ. ಅದಕ್ಕೆ ಇನ್ನೊಂದು ಟಾಲರೆನ್ಸ್ ಸೇರಿಸಬೇಡಿ. ಸೇರಿಸಿದವರನ್ನು ನೋಡಿದ್ದೇನೆ.

ಒಂದೇ ಅಂಕಿ ಕೊಟ್ಟಿದ್ದರೆ ಸ್ಪೆಸಿಫಿಕೇಶನ್ ತೆಗೆದು ಓದಬೇಕು. ನಿಯಮ ಸಾಮಾನ್ಯವಾಗಿ ಹೀಗಿರುತ್ತದೆ: ಕೆಳಗೆ ಸೊನ್ನೆ, ಮೇಲೆ 30 ಪರ್ಸೆಂಟ್, ಆದರೆ 3 ಯೂನಿಟ್‌ಗಿಂತ ಕಡಿಮೆ ಬೇಡ. ಒಂದು ಯೂನಿಟ್ ಅಂದರೆ 0.001 ಇಂಚು. ನಿಮ್ಮ ಗ್ರಾಹಕರ ಸ್ಪೆಸಿಫಿಕೇಶನ್‌ನಲ್ಲಿ ಅಂಕಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ನಾನು ಮುಂದಿನ ಲೆಕ್ಕವೆಲ್ಲ ಈ 30 ಪರ್ಸೆಂಟ್, 3 ಯೂನಿಟ್ ಇಟ್ಟುಕೊಂಡೇ ಮಾಡುತ್ತೇನೆ.

ಈ ನಿಯಮದಲ್ಲಿ ಎರಡು ಬಗೆಯ ಅಳತೆ ಒಟ್ಟಿಗೆ ಕೂತಿವೆ. ಒಂದು ಪರ್ಸೆಂಟ್. ಅದು ಅಂಕಿಯ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಇನ್ನೊಂದು ಗಟ್ಟಿ ಅಂಕಿ, ಅಂದರೆ 3 ಯೂನಿಟ್. ಅದು ಯಾವ ಸ್ಟ್ರಿಪ್ ಹಾಕಿದರೂ ಅಷ್ಟೇ ಇರುತ್ತದೆ. ಎಲ್ಲ ಗಲಾಟೆ ಶುರುವಾಗುವುದು ಇಲ್ಲಿಂದಲೇ.

ಹೆಜ್ಜೆ 3: ಅದೇ ಸ್ಟ್ರಿಪ್‌ನಲ್ಲಿ ಕಿಟಕಿ ಕಟ್ಟಿ. ಬದಲಾಯಿಸಬೇಡಿ

ಎ ಸ್ಟ್ರಿಪ್‌ನಲ್ಲಿ ನೋಡೋಣ.

0.006 ಎ ಕೊಟ್ಟಿದ್ದಾರೆ. 30 ಪರ್ಸೆಂಟ್ ಅಂದರೆ 1.8 ಯೂನಿಟ್. ಇದು 3ಕ್ಕಿಂತ ಕಡಿಮೆ. ಹಾಗಾಗಿ 3 ತೆಗೆದುಕೊಳ್ಳಿ. ಕಿಟಕಿ 0.006 ರಿಂದ 0.009 ಎ.

0.010 ಎ ಕೊಟ್ಟಿದ್ದಾರೆ. 30 ಪರ್ಸೆಂಟ್ ಅಂದರೂ 3, ಗಟ್ಟಿ ಅಂಕಿಯೂ 3. ಕಿಟಕಿ 0.010 ರಿಂದ 0.013 ಎ.

0.016 ಎ ಕೊಟ್ಟಿದ್ದಾರೆ. 30 ಪರ್ಸೆಂಟ್ ಅಂದರೆ 4.8, ಹತ್ತಿರದ ಯೂನಿಟ್‌ಗೆ 5. ಕಿಟಕಿ 0.016 ರಿಂದ 0.021 ಎ.

10 ಯೂನಿಟ್‌ಗಿಂತ ಕೆಳಗೆ ಗಟ್ಟಿ ಅಂಕಿಯ ಆಳ್ವಿಕೆ, ಮೇಲೆ ಪರ್ಸೆಂಟಿನ ಆಳ್ವಿಕೆ. ಈ ಗಡಿಯನ್ನು ನೆನಪಿಡಿ. ನಾನು ಮಾಡಿದ ತಪ್ಪು ಈ ಗಡಿಯನ್ನು ದಾಟಿಸಿದ್ದೇ.

ಡ್ರಾಯಿಂಗ್ ಕೇಳಿದ್ದು 0.012 ಎನ್. ನೇರವಾಗಿ ಲೆಕ್ಕ ಹಾಕಿದ್ದರೆ 30 ಪರ್ಸೆಂಟ್ ಅಂದರೆ 3.6, ಹತ್ತಿರದ ಯೂನಿಟ್‌ಗೆ 4. ಕಿಟಕಿ 0.012 ರಿಂದ 0.016 ಎನ್. ಅಲ್ಲಿಗೆ ಮುಗಿಯುತ್ತಿತ್ತು.

ಅವತ್ತು ಸ್ಟೋರ್‌ನಲ್ಲಿ ಎನ್ ಸ್ಟ್ರಿಪ್ ಖಾಲಿ. ಎ ಸ್ಟ್ರಿಪ್ ಬೇಕಾದಷ್ಟು ಇತ್ತು. 12ನ್ನು 3ರಿಂದ ಭಾಗಿಸಿದೆ, 0.004 ಎ ಬಂತು. ಇಲ್ಲಿವರೆಗೂ ಅಂದಾಜಿಗೆ ಸರಿಯೇ. ಆಮೇಲೆ ಟಾಲರೆನ್ಸ್ ನಿಯಮ ಹಚ್ಚಿದೆ. 4ಕ್ಕೆ 30 ಪರ್ಸೆಂಟ್ ಅಂದರೆ 1.2. 3ಕ್ಕಿಂತ ಕಡಿಮೆ, ಹಾಗಾಗಿ 3. ಕಿಟಕಿ 0.004 ರಿಂದ 0.007 ಎ ಅಂತ ನೀಟಾಗಿ ಬರೆದೆ.

ಆ 0.007 ಎ‌ಯನ್ನು ವಾಪಸ್ ಎನ್‌ಗೆ ತನ್ನಿ. 0.021 ಎನ್! ಡ್ರಾಯಿಂಗ್ ಒಪ್ಪುವುದು 0.016 ವರೆಗೆ. ನಾನು 5 ಯೂನಿಟ್ ಜಾಸ್ತಿ ಬಿಟ್ಟುಕೊಟ್ಟಿದ್ದೆ. 30 ಪರ್ಸೆಂಟ್ ಇರಬೇಕಾದ ಸಡಿಲ 75 ಪರ್ಸೆಂಟ್ ಆಗಿತ್ತು. ಆಪರೇಟರ್ 0.006 ಎ‌ನಲ್ಲಿ ಆರಾಮವಾಗಿ ಓಡಿಸಿದ. ಅವನ ಪ್ರಕಾರ ಕಿಟಕಿಯ ಒಳಗೇ ಇದ್ದ. ತೆಳು ಪೀಸುಗಳು ಮಾತ್ರ ತಡೆದುಕೊಳ್ಳಲಿಲ್ಲ.

ಸಿ ಕಡೆಗೆ ಹೋದರೆ ಇದೇ ತಪ್ಪು ತಿರುಗಿ ಹೊಡೆಯುತ್ತದೆ. 0.007 ಸಿ ಕೊಟ್ಟಿದ್ದಾರೆ ಅನ್ನಿ. ನೇರ ಲೆಕ್ಕದಲ್ಲಿ 30 ಪರ್ಸೆಂಟ್ 2.1, ಹಾಗಾಗಿ 3. ಕಿಟಕಿ 0.007 ರಿಂದ 0.010 ಸಿ. ಅದನ್ನು ಮೊದಲು ಎ‌ಗೆ ತಂದರೆ 0.0245. ಅದರ 30 ಪರ್ಸೆಂಟ್ ಸುಮಾರು 7 ಯೂನಿಟ್. ಮೇಲಿನ ತುದಿ 0.0315 ಎ, ವಾಪಸ್ ಸಿ‌ಗೆ ತಂದರೆ 0.009. ನಿಮಗೆ ನ್ಯಾಯವಾಗಿ ಸಿಗಬೇಕಿದ್ದ 3 ಯೂನಿಟ್‌ನಲ್ಲಿ 1 ಯೂನಿಟ್ ಹೋಯಿತು. ಜಾಬ್ ಕೆಡುವುದಿಲ್ಲ. ಆದರೆ ಸರಿಯಿರುವ ಲಾಟನ್ನು ಸುಮ್ನೆ ರಿಜೆಕ್ಟ್ ಮಾಡುತ್ತೀರಿ.

ಯಾಕೆ ಹೀಗೆ? ಎ ಸ್ಟ್ರಿಪ್ ಕಣ್ಣಿನಲ್ಲಿ ನೋಡಿದರೆ ಎನ್‌ನ 3 ಯೂನಿಟ್ ಅಂದರೆ 1 ಯೂನಿಟ್. ಸಿ‌ಯ 3 ಯೂನಿಟ್ ಅಂದರೆ ಹತ್ತೂವರೆ ಯೂನಿಟ್. ಹೆಸರು ಒಂದೇ, ತೂಕ ಬೇರೆ. ಪರ್ಸೆಂಟ್ ಮಾತ್ರ ಸ್ಟ್ರಿಪ್‌ನಿಂದ ಸ್ಟ್ರಿಪ್‌ಗೆ ಹೋದರೂ ಹಾಗೇ ಇರುತ್ತದೆ. ಗಟ್ಟಿ ಅಂಕಿ ತನ್ನ ಸ್ಟ್ರಿಪ್ ಬಿಟ್ಟು ಹೊರಗೆ ಬಂದ ಕೂಡಲೇ ಅರ್ಥ ಕಳೆದುಕೊಳ್ಳುತ್ತದೆ.

ಸ್ಟ್ರಿಪ್ ಇಲ್ಲದಿದ್ದರೆ ಏನು ಮಾಡಬೇಕು? ತರಿಸಬೇಕು. ಗ್ರಾಹಕರು ಬರೆದು ಒಪ್ಪಿಗೆ ಕೊಟ್ಟರೆ ಬೇರೆ ಮಾತು. ಆಗಲೂ ಕಿಟಕಿಯ ಎರಡೂ ತುದಿಯನ್ನು ಡ್ರಾಯಿಂಗ್‌ನ ಸ್ಟ್ರಿಪ್‌ನಲ್ಲೇ ಕಟ್ಟಿ, ಆಮೇಲೆ ಎರಡನ್ನೂ ಒಟ್ಟಿಗೆ ಬದಲಾಯಿಸಿ ಅವರ ಮುಂದಿಡಿ.

ಹೆಜ್ಜೆ 4: ಇಂಚಿನಿಂದ ಮಿಲಿಮೀಟರ್‌ಗೆ

ಇದು ಎನ್‌ನಿಂದ ಎ‌ಗೆ ಹೋದ ಹಾಗಲ್ಲ. ಇಲ್ಲಿ ಸಂಬಂಧ ಕರಾರುವಾಕ್ಕು: 1 ಇಂಚು ಅಂದರೆ 25.4 ಮಿ.ಮೀ. ತೊಂದರೆ ಬರುವುದು ರೌಂಡ್ ಮಾಡುವಾಗ.

ಚಿನ್ನದ ತೊಲ ಇದೆಯಲ್ಲ, ಪುಸ್ತಕದ ಪ್ರಕಾರ 11.66 ಗ್ರಾಂ. ಅಂಗಡಿಯ ಮಾತಿನಲ್ಲಿ 10 ಗ್ರಾಂ. ಇಬ್ಬರೂ ಒಂದೇ ಲೆಕ್ಕದಲ್ಲಿ ಮಾತಾಡಿದರೆ ಜಗಳವಿಲ್ಲ. ಒಬ್ಬರು ಪುಸ್ತಕ, ಇನ್ನೊಬ್ಬರು ಅಂಗಡಿ ಹಿಡಿದರೆ ಮದುವೆ ಮನೆಯಲ್ಲೇ ಮುಖ ಸಿಂಡರಿಸಬೇಕಾಗುತ್ತದೆ. 0.010 ಇಂಚಿನದೂ ಅದೇ ಕಥೆ. ಅದು 0.254 ಮಿ.ಮೀ. ಎಲ್ಲರೂ 0.25 ಅಂತ ಬರೆಯುತ್ತಾರೆ.

ಡ್ರಾಯಿಂಗ್ ಇಂಚಿನಲ್ಲಿದ್ದು, ಕಿಟಕಿ 0.008 ರಿಂದ 0.012 ಎ ಅಂತಿರಲಿ. ಮಿಲಿಮೀಟರ್‌ನಲ್ಲಿ 0.2032 ರಿಂದ 0.3048. ನಿಮ್ಮ ಗೇಜ್ ಮಿಲಿಮೀಟರ್‌ನದು, ಶೀಟಿನಲ್ಲಿ 0.20 ರಿಂದ 0.30 ಅಂತ ಬರೆದುಕೊಂಡಿದ್ದೀರಿ. ಸ್ಟ್ರಿಪ್ 0.201 ತೋರಿಸಿತು. ಶೀಟಿನ ಪ್ರಕಾರ ಪಾಸ್, ಡ್ರಾಯಿಂಗ್ ಪ್ರಕಾರ ಫೇಲ್. ಕೆಳಗಿನ ತುದಿಗೆ ಸಡಿಲ ಸೊನ್ನೆ ಅಂತ ಇದ್ದಾಗ 2 ಮೈಕ್ರಾನ್ ಕಡಿಮೆ ಆದರೂ ಕಡಿಮೆಯೇ.

ಹಾಗಾಗಿ ರೌಂಡ್ ಮಾಡುವುದಾದರೆ ಯಾವಾಗಲೂ ಕಿಟಕಿಯ ಒಳಕ್ಕೆ ಮಾಡಿ. ಕೆಳಗಿನ ತುದಿಯನ್ನು ಮೇಲಕ್ಕೆ, ಮೇಲಿನ ತುದಿಯನ್ನು ಕೆಳಕ್ಕೆ. ಈ ಉದಾಹರಣೆಯಲ್ಲಿ 0.204 ರಿಂದ 0.304. ಗೇಜ್ 0.001 ಮಿ.ಮೀ. ತೋರಿಸುವಾಗ ಎರಡು ದಶಾಂಶಕ್ಕೆ ನಿಲ್ಲಿಸುವ ಅಗತ್ಯವೇ ಇಲ್ಲ.

ಇನ್ನೊಂದು ಹಳ್ಳ ಇದೆ. 3 ಯೂನಿಟ್ ಅಂದರೆ 0.003 ಇಂಚು, ಅಂದರೆ 0.076 ಮಿ.ಮೀ. ಅದನ್ನು 0.03 ಮಿ.ಮೀ. ಅಂತ ಓದಿಕೊಂಡವರಿದ್ದಾರೆ. 0.25 ಮಿ.ಮೀ. ಎ ಇದ್ದಾಗ ಈ ತಪ್ಪು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ 30 ಪರ್ಸೆಂಟೇ 0.075 ಬಂದು ಬಚಾವ್ ಮಾಡುತ್ತದೆ. 0.15 ಮಿ.ಮೀ. ಎ ಬಂದಾಗ ಬಣ್ಣ ಬಯಲಾಗುತ್ತದೆ. ಸರಿಯಾದ ಕಿಟಕಿ ಸುಮಾರು 0.15 ರಿಂದ 0.226. ತಪ್ಪಾಗಿ ಓದಿದರೆ 0.15 ರಿಂದ 0.195. ಆಪರೇಟರ್ ಆ ಇಕ್ಕಟ್ಟಿನಲ್ಲಿ ದಿನವೆಲ್ಲ ಪ್ರೆಶರ್ ತಿರುಗಿಸುತ್ತಾ ಕೂರಬೇಕು.

ಹೆಜ್ಜೆ 5: ಕಿಟಕಿಗೆ ಹೋಲಿಸಬೇಕಾದ್ದು ಯಾವ ಅಂಕಿಯನ್ನು?

ನನ್ನ ಪ್ರಕಾರ ಅರ್ಧ ಜನ ಎಡವುವುದು ಇಲ್ಲಿ. ಸ್ಟ್ರಿಪ್ ತೆಗೆದು ಗೇಜ್ ಮೇಲಿಟ್ಟು ಬಂದ ಅಂಕಿಯನ್ನೇ ಇಂಟೆನ್ಸಿಟಿ ಅನ್ನುತ್ತಾರೆ. ಅಲ್ಲ. ಅದು ಬರೀ ಆರ್ಕ್ ಹೈಟ್. ಇಂಟೆನ್ಸಿಟಿ ಬೇಕಾದರೆ ಸ್ಯಾಚುರೇಶನ್ ಕರ್ವ್, ಅಂದರೆ ಹೊಡೆತದ ಸಮಯದ ಜೊತೆ ಆರ್ಕ್ ಹೈಟ್ ಹೇಗೆ ಏರುತ್ತದೆ ಅಂತ ತೋರಿಸುವ ಗೆರೆ, ಎಳೆಯಬೇಕು. ಎಸ್‌ಎಇ ಜೆ443 ಅನ್ನುವ ಸ್ಟ್ಯಾಂಡರ್ಡ್ ಹೇಳುವುದು ಇದನ್ನೇ: ಹೊಡೆತದ ಸಮಯವನ್ನು ಎರಡು ಪಟ್ಟು ಮಾಡಿದಾಗ ಆರ್ಕ್ ಹೈಟ್ 10 ಪರ್ಸೆಂಟ್ ಮಾತ್ರ ಏರುವ ಮೊದಲ ಬಿಂದು ಯಾವುದೋ, ಅಲ್ಲಿನ ಆರ್ಕ್ ಹೈಟ್ ಇಂಟೆನ್ಸಿಟಿ.

ಕನಿಷ್ಠ ನಾಲ್ಕು ಸ್ಟ್ರಿಪ್ ಬೇಕು. ನಾಲ್ಕಕ್ಕೂ ಗಾಳಿ ಪ್ರೆಶರ್, ಶಾಟ್ ಫ್ಲೋ, ನಾಝಲ್ ದೂರ, ಕೋನ ಎಲ್ಲ ಒಂದೇ ಇರಬೇಕು. ಬದಲಾಗಬೇಕಾದ್ದು ಸಮಯ ಅಥವಾ ಪಾಸ್ ಸಂಖ್ಯೆ (ನಾಝಲ್ ಎಷ್ಟು ಸಲ ಹಾದುಹೋಯಿತು ಅನ್ನುವುದು) ಮಾತ್ರ. ಅಂಕಿಗಳು ಹೀಗೆ ಬಂದವು ಅಂದುಕೊಳ್ಳಿ:

1 ಪಾಸ್: 0.0075 ಎ
2 ಪಾಸ್: 0.0092 ಎ
4 ಪಾಸ್: 0.0104 ಎ
8 ಪಾಸ್: 0.0112 ಎ

1ರಿಂದ 2ಕ್ಕೆ ಸುಮಾರು 23 ಪರ್ಸೆಂಟ್ ಏರಿದೆ. 2ರಿಂದ 4ಕ್ಕೆ 13. 4ರಿಂದ 8ಕ್ಕೆ 8ಕ್ಕಿಂತ ಸ್ವಲ್ಪ ಕಡಿಮೆ. ಅಂದರೆ 10 ಪರ್ಸೆಂಟಿನ ಬಿಂದು 2 ಮತ್ತು 4 ಪಾಸ್‌ನ ನಡುವೆ ಎಲ್ಲೋ ಇದೆ. ಕರ್ವ್ ಎಳೆದರೆ ಸುಮಾರು 2.7 ಪಾಸ್‌ಗೆ 0.0098 ಎ ಬರುತ್ತದೆ.

ಈಗ ಡ್ರಾಯಿಂಗ್ 0.010 ಎ ಕೇಳಿದೆ, ಕೆಳಗೆ ಸಡಿಲ ಇಲ್ಲ ಅನ್ನಿ. 4 ಪಾಸ್‌ನ ಸ್ಟ್ರಿಪ್ 0.0104 ತೋರಿಸಿದೆ ಅಂತ ಖುಷಿಯಾಗಿ ಸಹಿ ಹಾಕಿದರೆ? ನಿಜವಾದ ಇಂಟೆನ್ಸಿಟಿ 0.0098. ಕಿಟಕಿಯ ಹೊರಗೆ. ಪಾಸ್ ಜಾಸ್ತಿ ಮಾಡಿದರೆ ಇಂಟೆನ್ಸಿಟಿ ಏರುವುದಿಲ್ಲ. ಕರ್ವ್ ಅದೇ ಇರುತ್ತದೆ, ನೀವು ಅದರ ಮೇಲೆ ಮುಂದಕ್ಕೆ ನಡೆಯುತ್ತೀರಿ ಅಷ್ಟೇ. ಏರಿಸಬೇಕಾದರೆ ಪ್ರೆಶರ್ ಹೆಚ್ಚಿಸಬೇಕು ಅಥವಾ ಶಾಟ್ ದೊಡ್ಡದು ಮಾಡಬೇಕು. ಆಮೇಲೆ ಹೊಸ ಕರ್ವ್.

"0.0098 ಅಂದರೆ ರೌಂಡ್ ಮಾಡಿದರೆ 0.010 ಅಲ್ವಾ ಸರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಎಎಸ್‌ಟಿಎಂ ಇ29 ಅನ್ನುವ ಸ್ಟ್ಯಾಂಡರ್ಡ್ ಇದಕ್ಕೆ ಎರಡು ದಾರಿ ಕೊಡುತ್ತದೆ. ಒಂದು, ಓದಿದ ಅಂಕಿಯನ್ನು ಹಾಗೇ ಮಿತಿಗೆ ಹೋಲಿಸುವುದು. ಇನ್ನೊಂದು, ಮಿತಿಯಲ್ಲಿ ಎಷ್ಟು ದಶಾಂಶ ಇದೆಯೋ ಅಷ್ಟಕ್ಕೆ ರೌಂಡ್ ಮಾಡಿ ಹೋಲಿಸುವುದು. ಮೊದಲನೆಯದರಲ್ಲಿ 0.0098 ಫೇಲ್, ಎರಡನೆಯದರಲ್ಲಿ ಪಾಸ್. ಯಾವುದು ಅನ್ನುವುದನ್ನು ಗ್ರಾಹಕರ ಜೊತೆ ಮೊದಲೇ ಮಾತಾಡಿ ಬರೆದಿಡಿ. ಜಾಬ್ ಮುಗಿದ ಮೇಲೆ ಆರಿಸಿಕೊಳ್ಳುವ ವಿಷಯ ಇದಲ್ಲ. ನನ್ನನ್ನು ಕೇಳಿದರೆ ವಿಮಾನದ ಭಾಗಕ್ಕೆ ಮೊದಲನೆಯದೇ ಸರಿ.

ಫಿಕ್ಸ್ಚರ್‌ನಲ್ಲಿ ಮೂರು ಜಾಗದಲ್ಲಿ ಸ್ಟ್ರಿಪ್ ಇದ್ದರೆ ಮೂರಕ್ಕೂ ಬೇರೆ ಬೇರೆ ಕರ್ವ್, ಬೇರೆ ಬೇರೆ ತೀರ್ಪು. ಒಂದು ಕಡೆ 0.009, ಇನ್ನೊಂದು ಕಡೆ 0.013 ಬಂದರೆ ಸರಾಸರಿ 0.011, ಕಿಟಕಿ ಒಳಗೆ ಅಂತ ಹೇಳಬೇಡಿ. ಒಂದು ಕಾಲು ಬಿಸಿನೀರಲ್ಲಿ, ಒಂದು ಕಾಲು ಮಂಜುಗಡ್ಡೆ ಮೇಲೆ ಇಟ್ಟವನಿಗೆ ಸರಾಸರಿ ಹಿತವಾಗಿಯೇ ಇರುತ್ತದೆ.

ಹೆಜ್ಜೆ 6: ಸ್ಟ್ರಿಪ್ ಮತ್ತು ಗೇಜ್ ತಿನ್ನುವ ಪಾಲು

ಸ್ಟ್ರಿಪ್‌ಗೂ ಟಾಲರೆನ್ಸ್ ಇದೆ. ದಪ್ಪಕ್ಕೆ ಮೂರೂ ಬಗೆಯಲ್ಲಿ ಆಚೀಚೆ 0.001 ಇಂಚು. ಮತ್ತೆ ಅದೇ ಗಟ್ಟಿ ಅಂಕಿ! 94ರಲ್ಲಿ 1 ಅಂದರೆ 1 ಪರ್ಸೆಂಟ್. 31ರಲ್ಲಿ 1 ಅಂದರೆ 3 ಪರ್ಸೆಂಟ್‌ಗೂ ಜಾಸ್ತಿ. ಬಾಗು ದಪ್ಪದ ವರ್ಗದ ಮೇಲೆ ನಿಂತಿರುವುದರಿಂದ ಸಿ‌ನಲ್ಲಿ ಸುಮಾರು 2 ಪರ್ಸೆಂಟ್ ವ್ಯತ್ಯಾಸ ಬಂದರೆ ಎನ್‌ನಲ್ಲಿ 6 ಪರ್ಸೆಂಟ್ ದಾಟಬಹುದು. ಒಂದು ಕರ್ವ್‌ನ ಎಲ್ಲ ಸ್ಟ್ರಿಪ್‌ಗಳೂ ಒಂದೇ ಲಾಟ್‌ನವು ಆಗಿರಲಿ ಅನ್ನುವುದು ಇದಕ್ಕೇ. ಎನ್‌ನಲ್ಲಿ ಕೆಲಸ ಮಾಡುವಾಗ ಇದು ಇನ್ನೂ ಮುಖ್ಯ.

ಹೊಡೆಯುವ ಮೊದಲೇ ಪ್ರತಿ ಸ್ಟ್ರಿಪ್ಪನ್ನೂ ಗೇಜ್ ಮೇಲಿಟ್ಟು ನೋಡಿ. ಪೂರ್ತಿ ಚಪ್ಪಟೆ ಇರುವುದು ಕಡಿಮೆ. 4 ಥೌ ಅಳೆಯುವ ಕಡೆ ಮೊದಲೇ ಅರ್ಧ ಥೌ ಬಾಗಿದ್ದರೆ ಎಂಟನೇ ಒಂದು ಭಾಗ ಅಲ್ಲೇ ಹೋಯಿತು. ಸ್ಪೆಸಿಫಿಕೇಶನ್ ಹೇಳಿದ ಹಾಗೆ ಅದನ್ನು ಲೆಕ್ಕದಲ್ಲಿ ಕಳೆಯಿರಿ, ಇಲ್ಲವೇ ಆ ಸ್ಟ್ರಿಪ್ ಪಕ್ಕಕ್ಕಿಡಿ. ಅಳೆಯುವಾಗ ಶಾಟ್ ಬಿದ್ದಿಲ್ಲದ ನುಣುಪು ಮುಖ ಇಂಡಿಕೇಟರ್ ಮೊನೆಯ ಕಡೆ ಇರಬೇಕು. ಗೇಜ್‌ನ ನಾಲ್ಕು ಗುಂಡುಗಳ ಮೇಲೆ ಸ್ಟ್ರಿಪ್ ಅಲುಗಾಡದೆ ಕೂರಬೇಕು. ಗುಂಡು ಸವೆದು ಚಪ್ಪಟೆ ಆಗಿದ್ದರೆ ಯಾವ ಲೆಕ್ಕವೂ ನಿಮ್ಮನ್ನು ಕಾಪಾಡುವುದಿಲ್ಲ.

ಕವರೇಜ್‌ನ ಪರ್ಸೆಂಟ್ ಬೇರೆಯೇ

ಒಂದೇ ಶೀಟಿನಲ್ಲಿ ಮೂರು ಪರ್ಸೆಂಟ್ ಇರುತ್ತವೆ. ಟಾಲರೆನ್ಸಿನ 30, ಸ್ಯಾಚುರೇಶನ್‌ನ 10, ಕವರೇಜ್‌ನ 100 ಅಥವಾ 200. ಇವು ಒಂದಕ್ಕೊಂದು ಸಂಬಂಧವೇ ಇಲ್ಲದವು.

ಕವರೇಜ್ ನೋಡುವುದು ಜಾಬ್ ಮೇಲೆ, ಲೆನ್ಸ್ ಹಿಡಿದು. ಮೇಲ್ಮೈಯಲ್ಲಿ ಎಷ್ಟು ಭಾಗಕ್ಕೆ ಗುಳಿ ಬಿದ್ದಿದೆ ಅನ್ನುವುದು ಅದು. ಕೊನೆಯ ಚುಕ್ಕೆಯವರೆಗೂ ಎಣಿಸಲು ಆಗುವುದಿಲ್ಲ ಅಂತ 98 ಪರ್ಸೆಂಟ್ ಮುಟ್ಟಿದರೆ ಅದನ್ನೇ ಪೂರ್ತಿ ಅಂತ ತೆಗೆದುಕೊಳ್ಳುವುದು ರೂಢಿ. 200 ಪರ್ಸೆಂಟ್ ಅಂದರೆ ಅದಕ್ಕೆ ಹಿಡಿದ ಸಮಯದ ಎರಡು ಪಟ್ಟು. ಮೇಲ್ಮೈಯೇ ಎರಡು ಪಟ್ಟು ಆಗುವುದಿಲ್ಲವಲ್ಲ! ಮೊದಲ ಸುತ್ತಿನಲ್ಲಿ ಉಳಿದದ್ದು 100ರಲ್ಲಿ 2 ಭಾಗ. ಎರಡನೇ ಸುತ್ತು ಅದರಲ್ಲೂ 98 ಪರ್ಸೆಂಟ್ ಮುಚ್ಚುತ್ತದೆ. ಉಳಿಯುವುದು 0.04 ಪರ್ಸೆಂಟ್. ಆದ್ದರಿಂದ 100 ಪರ್ಸೆಂಟ್ ಕವರೇಜ್‌ಗೆ ಆಚೀಚೆ 10 ಅಂತ ಟಾಲರೆನ್ಸ್ ಹಾಕಿದ ಶೀಟ್ ಕಂಡರೆ ಅದನ್ನು ಬರೆದವರನ್ನು ಕರೆಸಿ ಕೇಳಿ. ಕವರೇಜ್‌ಗೆ ಕೊಡುವುದು ಕನಿಷ್ಠ ಮಿತಿ.

ಸ್ಟ್ರಿಪ್ ಸ್ಯಾಚುರೇಟ್ ಆದ ಸಮಯಕ್ಕೇ ಜಾಬ್‌ಗೂ ಪೂರ್ತಿ ಕವರೇಜ್ ಬಂತು ಅಂತಲೂ ಅಂದುಕೊಳ್ಳಬೇಡಿ. ಸ್ಟ್ರಿಪ್ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 44 ರಿಂದ 50 (ಈ ಸಿ ಸ್ಟ್ರಿಪ್ಪಿನ ಸಿ ಅಲ್ಲ). ನಿಮ್ಮ ಗೇರ್ ಅದಕ್ಕಿಂತ ಗಟ್ಟಿ ಇದ್ದರೆ ಗುಳಿ ಚಿಕ್ಕದಾಗಿ ಬೀಳುತ್ತದೆ, ಕವರೇಜ್‌ಗೆ ಹೆಚ್ಚು ಹೊತ್ತು ಬೇಕು. ಅಲ್ಯೂಮಿನಿಯಂ ಇದ್ದರೆ ಬೇಗ ಮುಗಿಯುತ್ತದೆ.

ಶೀಟಿನಲ್ಲಿ ಬರೆಯುವಾಗ

ನಾನು ಈಗ ಬರೆಯುವ ಕ್ರಮ ಇದು. ಮೊದಲ ಸಾಲಿನಲ್ಲಿ ಡ್ರಾಯಿಂಗ್‌ನಲ್ಲಿ ಇದ್ದದ್ದು ಇದ್ದ ಹಾಗೆ. ಎರಡನೇ ಸಾಲಿನಲ್ಲಿ ಟಾಲರೆನ್ಸ್ ಕೊಟ್ಟ ಸ್ಪೆಸಿಫಿಕೇಶನ್‌ನ ಹೆಸರು ಮತ್ತು ರಿವಿಶನ್. ಮೂರನೆಯದರಲ್ಲಿ ಅದೇ ಸ್ಟ್ರಿಪ್‌ನಲ್ಲಿ ಕಟ್ಟಿದ ಕಿಟಕಿ. ನಾಲ್ಕನೆಯದರಲ್ಲಿ ಗೇಜ್ ಬೇರೆ ಅಳತೆಯದಾಗಿದ್ದರೆ ಒಳಕ್ಕೆ ರೌಂಡ್ ಮಾಡಿದ ಅಂಕಿ. ಆಮೇಲೆ ಕರ್ವ್‌ನಿಂದ ಬಂದ ಇಂಟೆನ್ಸಿಟಿ, ಅದರ ಸಮಯ, ಸ್ಟ್ರಿಪ್ ಲಾಟ್ ನಂಬರ್.

ಎನ್‌ನಿಂದ ಎ‌ಗೆ ಬದಲಾಯಿಸಿದ ಅಂಕಿಗೆ ಶೀಟಿನಲ್ಲಿ ಕಾಲಂ ಇಟ್ಟಿಲ್ಲ. ಯಾರಿಗಾದರೂ ಅಂದಾಜು ಬೇಕಾದರೆ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಲಿ.